ಧಣ್ಯಾರ ಸಹಿ

ಇಂಗ್ಲೆಂಡಿನ ರಾಜನ ಬಗ್ಗೆ ಚಂದ್ರಕಾಂತನ ಹಾಗೆ ಪಾಠ ಹೇಳುವವರು ವಿಜಯಪುರದ ಸುತ್ತ ಎಲ್ಲಿಯೂ ಇರಲಿಲ್ಲ. ಇದು ಹೊಗಳಿಕೆಯ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ಅವನ ಬಾಳಿನ ಕಹಿಯೆಲ್ಲ ಹುಟ್ಟಿದ್ದು ಆ ಪಾಠದ ಮಗ್ಗುಲಲ್ಲೇ.

ಬಬಲೇಶ್ವರದ ಹೊರಗೆ, ರಸ್ತೆಯಿಂದ ತುಸು ಒಳಗೆ ಒಂದು ಕಾಲೇಜಿತ್ತು. ಅದರ ಹೆಸರು ಇಲ್ಲಿ ಬೇಡ. ಅಂಥವು ಊರೂರಿಗೂ ಇವೆ. ಅಲ್ಲಿ ಬಿ.ಎ. ಎರಡನೇ ವರ್ಷದವರಿಗೆ ಅವನು ರಾಜ್ಯಶಾಸ್ತ್ರ ಕಲಿಸುತ್ತಿದ್ದ. ಬ್ರಿಟನ್ನಿನ ಸರಕಾರದ ಪಾಠ ಬಂದ ದಿನ ಅವನ ಹುರುಪೇ ಬೇರೆ. ಪ್ರಿನ್ಸಿಪಾಲರ ಕೋಣೆಯಿಂದ ಕೈಯಿದ್ದ ಕುರ್ಚಿಯೊಂದನ್ನು ತಾನೇ ಹೊತ್ತು ತಂದು ಕಟ್ಟೆಯ ನಡುವೆ ಇಡುತ್ತಿದ್ದ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತವನೊಬ್ಬನನ್ನು ಎಬ್ಬಿಸಿ ತಂದು ಅದರಲ್ಲಿ ಕೂಡಿಸುತ್ತಿದ್ದ. ಅವನೇ ರಾಜ. ಬಲಗಡೆಯ ಬೆಂಚುಗಳೆಲ್ಲ ಕೆಳಮನೆ, ಎಡಗಡೆಯವು ಮೇಲ್ಮನೆ. ಕೆಳಮನೆಯವರು ಕೈಯೆತ್ತಿ ತಮ್ಮೊಳಗೊಬ್ಬಳನ್ನೋ ಒಬ್ಬನನ್ನೋ ಮುಂದೆ ತಳ್ಳಿದರೆ ಅವರೇ ಪ್ರಧಾನಿ. ಪ್ರಧಾನಿ ಐದು ಮಂದಿಯನ್ನು ಆರಿಸಿಕೊಂಡರೆ ಅದೇ ಮಂತ್ರಿಮಂಡಲ. ಅವರೆಲ್ಲ ಕೂಡಿ ಒಂದು ಮಸೂದೆ ಬರೆಯಬೇಕು, ಎರಡೂ ಮನೆಗಳಲ್ಲಿ ಓದಬೇಕು, ಹೌದೆನಿಸಬೇಕು, ಕೊನೆಗೆ ಕುರ್ಚಿಯಲ್ಲಿದ್ದವನ ಮುಂದೆ ಹಿಡಿಯಬೇಕು.

"ನಾ ಸಹಿ ಮಾಡೂದಿಲ್ಲ ಅಂದ್ರ ಏನಾಕ್ಕೈತ್ರಿ ಸರ್?" ಎಂದು ಪ್ರತಿವರ್ಷವೂ ಒಬ್ಬ ರಾಜ ಕೇಳಿಯೇ ಕೇಳುತ್ತಿದ್ದ.

"ನೀ ಅನ್ನಾಂಗಿಲ್ಲಪಾ. ಮುನ್ನೂರು ವರ್ಷ ಆತು, ಅಲ್ಲಿ ಯಾವ ರಾಜಾನೂ ಒಲ್ಲೆ ಅಂದಿಲ್ಲ."

"ಮತ್ತ ನಾ ಯಾಕ ಬೇಕ್ರಿ?"

"ಸಹಿ ಮಾಡಾಕ. ಬಾವುಟದ ಮುಂದ ನಿಂದ್ರಾಕ. ಬಂದವರಿಗೆ ಚಹಾ ಕುಡಸಾಕ."

ಇಡೀ ತರಗತಿ ನಗುತ್ತಿತ್ತು. ಆ ನಗೆ ಇಳಿದ ಮೇಲೆ ಅವನು ನಿಜವಾದ ಪಾಠಕ್ಕೆ ಬರುತ್ತಿದ್ದ. ಸರಕಾರ ರಾಜನ ಹೆಸರಿನಲ್ಲಿ ನಡೆಯುತ್ತದೆ, ರಾಜನಿಂದ ನಡೆಯುವುದಿಲ್ಲ. ಪ್ರಧಾನಿ ವಾರಕ್ಕೊಮ್ಮೆ ಹೋಗಿ ಏನು ನಡೆದಿದೆಯೆಂದು ರಾಜನಿಗೆ ತಿಳಿಸುತ್ತಾನೆ. ರಾಜ ಕೇಳಬಹುದು, ಬುದ್ಧಿಮಾತು ಹೇಳಬಹುದು, ಎಚ್ಚರಿಸಬಹುದು, ಅಷ್ಟೇ. ಪಾರ್ಲಿಮೆಂಟು ತೆರೆದಾಗ ಕಿರೀಟ ತೊಟ್ಟು ಭಾಷಣ ಓದುತ್ತಾನಲ್ಲ, ಅದನ್ನು ಬರೆದುಕೊಡುವವರೂ ಮಂತ್ರಿಗಳೇ. ಹಾಗೆಯೇ, ರಾಜನ ಹೆಸರಿನಲ್ಲಿ ತಪ್ಪಾದರೆ ಕೆಳಮನೆಯ ಮುಂದೆ ನಿಂತು ಉತ್ತರ ಹೇಳಬೇಕಾದವರೂ ಅವರೇ. ಈ ಕೊನೆಯ ಮಾತನ್ನು ಅವನು ಎರಡು ಸಲ ಹೇಳಿ ಬರೆಸುತ್ತಿದ್ದ. ಅಧಿಕಾರ ಎಲ್ಲಿದೆಯೋ ಜವಾಬ್ದಾರಿಯೂ ಅಲ್ಲಿಯೇ ಇರಬೇಕು ಎಂಬುದು ಆ ವ್ಯವಸ್ಥೆಯ ಜೀವ ಎನ್ನುತ್ತಿದ್ದ.

ಹೀಗೆ ಹದಿನೇಳು ವರ್ಷ ಹೇಳಿದ. ಆ ಹದಿನೇಳು ವರ್ಷವೂ ಅವನ ಹುದ್ದೆಯ ಹೆಸರು ಅತಿಥಿ ಉಪನ್ಯಾಸಕ. ಹದಿನೇಳು ವರ್ಷ ಮನೆಯಲ್ಲಿ ಉಳಿದವನನ್ನು ಅತಿಥಿ ಎಂದು ಕರೆಯುವ ನಾಚಿಕೆಗೇಡಿತನ ಈ ಕಾಲೇಜುಗಳಿಗೆ ಮಾತ್ರ ಸಾಧ್ಯ. ಮಾರ್ಚಿಗೆ ಕಳಿಸುತ್ತಿದ್ದರು, ಜೂನಿಗೆ ಕರೆಯುತ್ತಿದ್ದರು. ನಡುವಿನ ತಿಂಗಳುಗಳಲ್ಲಿ ಅವನು ತಿಕೋಟಾದ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದ. "ಏನ್ರಿ ಸರ್, ಸೂಟಿ ಏನ್ರಿ?" ಎಂದು ಕೇಳಿದರೆ ರಜೆಯೆಂದು ಸುಳ್ಳೇ ಹೂಂ ಎನ್ನಬೇಕಲ್ಲ.

ಅವನ ಹೆಂಡತಿ ರೇಣುಕಾ ತಿಕೋಟಾದಲ್ಲೇ ಒಣದ್ರಾಕ್ಷಿಯ ಶೆಡ್ಡಿಗೆ ಹೋಗುತ್ತಿದ್ದಳು. ಕಡ್ಡಿ ತೆಗೆದು, ಕಪ್ಪಗಾದದ್ದನ್ನು ಬೇರೆ ಮಾಡಿ, ಗಾತ್ರ ನೋಡಿ ವಿಂಗಡಿಸುವ ಕೆಲಸ. ಅವಳ ಬೆರಳುಗಳು ವರ್ಷವಿಡೀ ಅಂಟಂಟಾಗಿರುತ್ತಿದ್ದವು. ಗಂಡ ಪ್ರೊಫೆಸರೆಂದು ಶೆಡ್ಡಿನ ಹೆಂಗಸರು ಅವಳನ್ನು ಕಾಡುತ್ತಿದ್ದರು. ಅವಳು ಅದಕ್ಕೆ ತಲೆ ಕೆಡಿಸಿಕೊಂಡವಳಲ್ಲ. ಆದರೆ ಗಂಡನಿಗೆ ಒಂದು ಖಾಯಂ ಕುರ್ಚಿ ಸಿಕ್ಕ ದಿನ ಈ ಶೆಡ್ಡಿಗೆ ಬೆನ್ನು ತಿರುಗಿಸುತ್ತೇನೆಂದು ಮದುವೆಯಾದ ಹೊಸತರಲ್ಲೇ ಹೇಳಿಟ್ಟಿದ್ದಳು.

ಚಂದ್ರಕಾಂತನ ಹುಟ್ಟೂರು ಕಳ್ಳಕವಟಗಿ. ತಂದೆ ಶಂಕರೆಪ್ಪ ಕುರಿ ಕಾಯ್ದವನು, ತಾಯಿ ಸಕ್ರವ್ವ ಉಣ್ಣೆ ನೂತವಳು. ಆ ಸೀಮೆಯ ದೇಸಾಯರ ಹೊಲದಲ್ಲಿ ಬೇಸಗೆಯ ರಾತ್ರಿಗಳಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಕೊಡುವುದು ಶಂಕರೆಪ್ಪನ ಅಜ್ಜನ ಕಾಲದಿಂದ ಬಂದ ಪದ್ಧತಿ. ಅದಕ್ಕೆ ಬದಲಾಗಿ ದೇಸಾಯರ ಮಾತಿನ ನೆರಳು ಇವರ ಮೇಲೆ. ಹುಲ್ಲುಗಾವಲಿನ ತಕರಾರು ಬರಲಿ, ಚಾವಡಿಯಲ್ಲಿ ಪಂಚಾಯತಿ ಬೀಳಲಿ, "ಅಂವ ನಮ್ಮಾಂವ" ಎಂದು ಅವರ ವಾಡೆಯಿಂದ, ಆ ದೊಡ್ಡ ಮನೆಯಿಂದ, ಒಂದು ಮಾತು ಬಂದರೆ ಸಾಕು, ಎದುರಿನವರು ಬಾಯಿ ಮುಚ್ಚುತ್ತಿದ್ದರು. ಆ ಮರ್ಯಾದೆಗೆ ಪ್ರತಿ ದೀಪಾವಳಿಗೆ ಇವರ ಮನೆಯಿಂದ ಒಂದು ಕರಿಕಂಬಳಿ ವಾಡೆಗೆ ಹೋಗುತ್ತಿತ್ತು. ಈಗ ದೇಸಗತಿ ಹೋಗಿ ಎಷ್ಟೋ ಕಾಲವಾಯಿತು. ಕಂಬಳಿ ಮಾತ್ರ ಹೋಗುವುದು ನಿಂತಿರಲಿಲ್ಲ.

ಕಾಲೇಜಿನ ಸಂಸ್ಥೆಗೆ ಆಜೀವ ಅಧ್ಯಕ್ಷರು ಅದೇ ಮನೆತನದ ಅಮರಪ್ಪ ದೇಸಾಯರು. ಎಲ್ಲರ ಬಾಯಲ್ಲೂ ಧಣ್ಯಾರು. ಅವರ ತಂದೆ ಭೂಮಿ ಕೊಟ್ಟಿದ್ದರಿಂದ ಅಧ್ಯಕ್ಷಗಿರಿ ಆ ಮನೆ ಬಿಟ್ಟು ಹೋಗಬಾರದೆಂದು ಬರೆದಿಟ್ಟಿದ್ದರು. ಅವರ ಕೆಳಗೆ ಹನ್ನೊಂದು ಮಂದಿಯ ಆಡಳಿತ ಮಂಡಳಿ. ಅದನ್ನು ಸದಸ್ಯರು ಆರಿಸುತ್ತಾರೆ. ಮಂಡಳಿ ಆರಿಸಿದ ಕಾರ್ಯದರ್ಶಿ ಅರುಣಕುಮಾರ. ವಿಜಯಪುರದ ಸ್ಟೇಶನ್ ರಸ್ತೆಯ ಕಡೆ ಅವನ ಆಫೀಸು. ಯಾರನ್ನು ತೆಗೆದುಕೊಳ್ಳಬೇಕು, ಯಾರನ್ನು ಕೈಬಿಡಬೇಕು, ಯಾವ ಕೋಣೆಗೆ ಸುಣ್ಣ ಹಚ್ಚಬೇಕು, ಎಲ್ಲ ಅಲ್ಲಿ ತೀರ್ಮಾನವಾಗಿ, ಟೈಪಾಗಿ, "ಮಾನ್ಯ ಅಧ್ಯಕ್ಷರ ಅಪ್ಪಣೆಯ ಮೇರೆಗೆ" ಎಂಬ ಮೊದಲ ಸಾಲು ಹೊತ್ತು ವಾಡೆಗೆ ಹೋಗಿ, ಸಹಿಯಾಗಿ ಬರುತ್ತಿತ್ತು.

ಇಷ್ಟು ಓದಿದವರಿಗೆ ಇದೇನೆಂದು ಆಗಲೇ ಹೊಳೆದಿರುತ್ತದೆ. ಚಂದ್ರಕಾಂತನಿಗೂ ಹೊಳೆದಿತ್ತು. ಸ್ವಾತಂತ್ರ್ಯ ದಿನಕ್ಕೆ ಧಣ್ಯಾರು ಹಳದಿ ರುಮಾಲು ಸುತ್ತಿಕೊಂಡು ಬಂದು ಓದುತ್ತಿದ್ದ ಭಾಷಣವನ್ನು ಅರುಣಕುಮಾರನ ಹೇಳಿಕೆಯಂತೆ ಬರೆದುಕೊಡುತ್ತಿದ್ದವನೇ ಇವನು. ಸ್ಟಾಫ್ ರೂಮಿನಲ್ಲಿ ಅದನ್ನೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. "ನಮ್ಮಲ್ಲೂ ರಾಜ ಅದಾನ್ರೀಪಾ, ಪ್ರಧಾನಿ ಅದಾನ. ಪಾಠಕ್ಕ ಇಂಗ್ಲೆಂಡಿಗೆ ಹೋಗೂದು ಯಾಕ?" ಎನ್ನುತ್ತಿದ್ದ. ಆದರೆ ಮನೆಯಲ್ಲಿ, ಪ್ಲಾಸ್ಟಿಕ್ ಫೈಲಿನಲ್ಲಿ, ಹದಿನೇಳು ಆದೇಶಪತ್ರಗಳನ್ನು ಜೋಪಾನವಾಗಿಟ್ಟಿದ್ದ. ಹದಿನೇಳರ ಕೆಳಗೂ ಇದ್ದದ್ದು ಅಮರಪ್ಪ ದೇಸಾಯರ ನಡುಗುವ ಸಹಿ. ಅರುಣಕುಮಾರನ ಹೆಸರು ಒಂದರಲ್ಲೂ ಇರಲಿಲ್ಲ. ಮನುಷ್ಯನ ತಲೆ ಒಂದು ಕಡೆ ಇರುತ್ತದೆ, ಹೊಟ್ಟೆಯ ಸಂಕಟ ಇನ್ನೊಂದು ಕಡೆ. ತನಗೆ ಅನ್ನ ಕೊಟ್ಟ ಕೈ ಅದೇ ಸಹಿಯ ಕೈ ಎಂದು ಅವನ ಒಳಗಿನ ಕುರುಬರ ಹುಡುಗ ನಂಬಿದ್ದ.

ಹೋದ ವರ್ಷ ರಾಜ್ಯಶಾಸ್ತ್ರದ ಮುಖ್ಯಸ್ಥರಾದ ಫಕ್ರುದ್ದೀನ ಸರ್ ನಿವೃತ್ತರಾದರು. ಬಹಳ ವರ್ಷಗಳ ನಂತರ ಆ ಒಂದು ಹುದ್ದೆಯನ್ನು ಖಾಯಂ ಆಗಿ ತುಂಬಲು ಸರಕಾರದ ಒಪ್ಪಿಗೆ ಬಂತು. ಚಂದ್ರಕಾಂತನಿಗೆ ವಯಸ್ಸಿನ ಮಿತಿ ಮುಗಿಯಲು ಏಳು ತಿಂಗಳು ಉಳಿದಿತ್ತು. ಹುದ್ದೆ ಸಿಕ್ಕರೆ ಬದುಕು ನೆಟ್ಟಗೆ. ಸಿಗದಿದ್ದರೆ ಬರೀ ಸಿಗಲಿಲ್ಲ ಎಂದಾಗುವುದಿಲ್ಲ. ಖಾಯಂ ಮನುಷ್ಯ ಬಂದು ಕೂತ ಮೇಲೆ ಅತಿಥಿಗೆ ಅಲ್ಲಿ ಏನು ಕೆಲಸ? ಇದ್ದದ್ದೂ ಹೋಗುತ್ತದೆ.

ಫಕ್ರುದ್ದೀನ ಸರ್ ಒಳ್ಳೆಯ ಮನುಷ್ಯ. ಹೋಗುವ ದಿನ ಇವನನ್ನು ಕಾಲೇಜಿನ ಬೇವಿನ ಗಿಡದ ಕೆಳಗೆ ಕರೆದು ಹೇಳಿದರು.

"ನೋಡು ಚಂದ್ರಕಾಂತ, ನಾಚಿಕಿ ಬಿಡು. ನಾಳೆನs ವಿಜಾಪುರಕ್ಕ ಹೋಗು, ಅರುಣಕುಮಾರನ ಮುಂದ ಕುಂದ್ರು. ಕಾಲ ಹಿಡಿಯೂದಾದ್ರೂ ಹಿಡಿ. ಅಂವಗೂ ಭಾಷಣ ಬರಕೊಡಾಕ ಒಬ್ಬ ಮನಶ್ಯಾ ಬೇಕು, ಪೂರ್ತಿ ಕೈ ಬಿಡಾಂವಲ್ಲ."

"ಅವನ ಕಾಲ ಹಿಡೀಲಾ ಸರ್? ನನಗಿಂತ ಆರು ವರ್ಷ ಸಣ್ಣಾಂವ ಅಂವ."

"ಖುರ್ಚಿ ಸಣ್ಣದಲ್ಲೋ ಯಪ್ಪಾ."

ಇವನು ತಲೆಯಾಡಿಸಿ ಬಂದ. ಆದರೆ ವಿಜಯಪುರದ ಬಸ್ಸು ಹತ್ತಲಿಲ್ಲ. ಆ ಭಾನುವಾರ ಕಳ್ಳಕವಟಗಿಗೆ ಹೋಗಿ ತಂದೆಯ ಮುಂದೆ ವಿಷಯ ತೆಗೆದ. ಶಂಕರೆಪ್ಪನಿಗೆ ಎಂಬತ್ತು ದಾಟಿತ್ತು. ಕುರಿ ಮಾರಿ ಬಹಳ ದಿನವಾಗಿದ್ದರೂ ಕಂಬಳಿ ನೇಯುವ ಮಗ್ಗದ ಮುಂದಿನಿಂದ ಎದ್ದಿರಲಿಲ್ಲ.

"ಇದಕ್ಕ ಯಾಕಷ್ಟು ವಿಚಾರ ಮಾಡಾಕತ್ತೀಯೋ? ಧಣ್ಯಾರು ಅದಾರಲ್ಲ," ಎಂದ ಮುದುಕ. "ಸಹಿ ಯಾರ್ದು? ಅವರದs. ಮತ್ತ ನಡುವ ಆ ಅರುಣಕುಮಾರ ಯಾಂವ? ಈ ಕಂಬಳಿ ತಗೊಂಡ ಹೋಗು. ಶಂಕ್ರೆಪ್ಪನ ಮಗಾ ಬಂದೇನ್ರಿ ಅನ್ನು."

ನಡುವೆ ಇರುವವನೇ ಎಲ್ಲ ಎಂದು ಹದಿನೇಳು ವರ್ಷ ಕಲಿಸಿದವನು ತಂದೆಯ ಮುಂದೆ ತುಟಿ ಬಿಚ್ಚಲಿಲ್ಲ. ಬಿಚ್ಚಲಿಲ್ಲವೇಕೆಂದರೆ ಅವನಿಗೂ ಬೇಕಾಗಿದ್ದದ್ದು ಇದೇ ಮಾತು. ಅರುಣಕುಮಾರನ ಆಫೀಸಿನ ಬೆಂಚಿನಲ್ಲಿ ಕಾಯುವ ಅವಮಾನದಿಂದ ಪಾರಾಗುವ ದಾರಿ ಸಿಕ್ಕಿತೆಂದು ಅವನಿಗೆ ಒಳಗೊಳಗೆ ಸಮಾಧಾನವಾಯಿತು. ರಾಜ್ಯಶಾಸ್ತ್ರದ ಎಂ.ಎ. ಪದವೀಧರ ಬಗಲಲ್ಲಿ ಕಂಬಳಿ ಹಿಡಿದು ರಾಜನ ದರ್ಶನಕ್ಕೆ ಹೊರಟ.

ವಾಡೆಯಿದ್ದದ್ದು ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವಾಗ ಒಳಗೆ ಬೀಳುವ ಒಂದು ಹಳ್ಳಿಯಲ್ಲಿ. ಟಂಟಂ ರಿಕ್ಷಾ ಇಳಿದು ದ್ರಾಕ್ಷಿ ತೋಟಗಳ ನಡುವೆ ನಡೆದು ಹೋದ. ಊರ ಅಗಸಿಯಷ್ಟು ದೊಡ್ಡ ಬಾಗಿಲು, ಒಳಗೆ ಅರ್ಧ ಬಿದ್ದ ಗೋಡೆ, ಉಳಿದ ಅರ್ಧದಲ್ಲಿ ಧಣ್ಯಾರು ಮತ್ತು ಅವರ ಹೆಂಡತಿ ಗುರುಸಿದ್ದವ್ವ. ಧಣ್ಯಾರು ತೂಗುಮಂಚದ ಮೇಲೆ ಕೂತಿದ್ದರು. ಕಂಬಳಿಯ ಮೇಲೆ ಕೈಯಾಡಿಸಿ ಅವರ ಮುಖ ಅರಳಿತು.

"ಶಂಕ್ರೆಪ್ಪನ ಕೈ ಇದು. ನೋಡಿದ ಕೂಡಲೇ ಗುರ್ತ ಹಿಡಿದೆ. ಕುಂದ್ರೋ ಯಪ್ಪಾ, ಕೆಳಗ್ಯಾಕ, ಮ್ಯಾಲ ಕುಂದ್ರು. ಪ್ರೊಫೆಸರ್ ಮನಶ್ಯಾ ನೀನು."

ಇವನು ಕೆಳಗೇ ಕೂತ. ಬಂದ ಕಾರಣ ಹೇಳಿದ. ಧಣ್ಯಾರು ಪೂರ್ತಿ ಕೇಳಿದರು. ನಡುವೆ ಒಂದು ಸಲವೂ ಮಾತು ಕಡಿಯಲಿಲ್ಲ. ಹದಿನೇಳು ವರ್ಷದಲ್ಲಿ ಆ ಸಂಸ್ಥೆಯಲ್ಲಿ ಯಾರಾದರೂ ಇವನ ಕಥೆಯನ್ನು ಕೊನೆಯವರೆಗೆ ಕೇಳಿದ್ದು ಅದೇ ಮೊದಲು. ಇವನ ಕಣ್ಣು ಒದ್ದೆಯಾದವು.

"ಇಷ್ಟು ವರ್ಷ ದುಡಿದಾಂವಗ ಬಿಟ್ಟು ಮತ್ತ ಯಾರಿಗೆ ಕೊಡ್ತಾರ? ನಾ ಅರುಣಕುಮಾರಗ ಹೇಳ್ತೀನಿ. ನೀ ಧೈರ್ಯದಿಂದ ಇರು. ಸಹಿ ಮಾಡಾಂವ ನಾನs ಅಲ್ಲೇನು?"

ಚಹಾ ತಂದ ಗುರುಸಿದ್ದವ್ವ ಗಂಡನ ಮಾತು ಕೇಳಿ ಅಲ್ಲೇ ನಿಂತಳು. ಅವಳ ಮುಖದಲ್ಲಿ ಸಿಟ್ಟೂ ಇತ್ತು, ಮರುಕವೂ ಇತ್ತು.

"ಸುಮ್ನ ಹುಡುಗಗ ಆಸೆ ಹಚ್ಚಬ್ಯಾಡ್ರಿ," ಎಂದಳು. ಇವನ ಕಡೆ ತಿರುಗಿ, "ಇವರ ಕೈಯಾಗ ಪೆನ್ನು ಐತಿ ನೋಡ್ ಯಪ್ಪಾ, ಮತ್ತೇನೂ ಇಲ್ಲ. ನಮ್ಮ ತಂಗಿ ಮಗಗs ಒಂದು ಜವಾನನ ಕೆಲಸ ಕೊಡಸಾಕ ಆಗಲಿಲ್ಲ ಇವರಿಗೆ. ನೀ ಆ ಅರುಣಕುಮಾರನ ಕಡೆ ಹೋಗು."

"ನೀ ಒಳಗ ನಡಿ ಬೇ," ಎಂದು ಧಣ್ಯಾರು ಗದರಿದರು.

ಚಂದ್ರಕಾಂತ ಆ ಮುದುಕಿಯ ಮಾತು ಕೇಳಿಸಿಕೊಂಡ, ತಲೆಗೆ ಹಾಕಿಕೊಳ್ಳಲಿಲ್ಲ. ಧಣ್ಯಾರು ಕನ್ನಡಕ ಹುಡುಕಿಸಿ, ಇವನ ಅರ್ಜಿಯ ಮೇಲೆ "ಇವರು ನಮ್ಮವರು, ಅವಶ್ಯ ಪರಿಶೀಲಿಸುವುದು" ಎಂದು ತಮ್ಮ ಕೈಯಾರೆ ಬರೆದು ಸಹಿ ಹಾಕಿದರು. ಆ ಹಾಳೆ ಮರುದಿನ ಅರುಣಕುಮಾರನ ಮೇಜಿಗೆ ಹೋಯಿತು. ಬೇರೆಲ್ಲಿಗೆ ಹೋಗಬೇಕು? ವಾಡೆಯಿಂದ ಹೊರಡುವ ಕಾಗದಕ್ಕೆ ಇದ್ದದ್ದು ಅದೊಂದೇ ದಾರಿ.

ವಾಡೆಯಿಂದ ಬಂದ ದಿನ ರೇಣುಕಾಳಿಗೆ ಎಲ್ಲ ಹೇಳಿದ. ಅವಳು ಬೆರಳು ತೊಳೆಯುತ್ತಾ ಕೇಳಿದಳು, "ಧಣ್ಯಾರು ಹೇಳ್ತೀನಿ ಅಂದ್ರಲ್ಲ, ಯಾರಿಗೆ ಹೇಳ್ತಾರ?"

"ಅರುಣಕುಮಾರಗ."

"ಅಂವಗs ಹೇಳೂದಾದ್ರ ನೀವs ಹೇಳಬಹುದಿತ್ತಲ್ಲ."

"ನಿನಗ ತಿಳಿಯಾಂಗಿಲ್ಲ ಬಿಡು," ಎಂದ. ಅವಳು ಬಿಟ್ಟಳು.

ಸಂದರ್ಶನ ವಿಜಯಪುರದ ಆಫೀಸಿನಲ್ಲಿ. ಹೊರಗೆ ಬೆಂಚಿನ ಮೇಲೆ ನಾಲ್ಕು ಮಂದಿ. ಅವರಲ್ಲೊಬ್ಬಳು ಸೌಭಾಗ್ಯ. ತಿಕೋಟಾದ ದ್ರಾಕ್ಷಿ ವ್ಯಾಪಾರಿಯೊಬ್ಬರ ಮಗಳು, ಎಂಟು ವರ್ಷದ ಹಿಂದೆ ಇವನದೇ ವಿದ್ಯಾರ್ಥಿನಿ. ಇವನು ಹೇಳಿದ್ದೆಲ್ಲವನ್ನೂ ದುಂಡನೆಯ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದವಳು. ಇವನನ್ನು ನೋಡಿದ ಕೂಡಲೇ ಎದ್ದು ನಿಂತು ಜಾಗ ಬಿಟ್ಟಳು. "ಕುಂದ್ರವ್ವಾ, ಎಲ್ಲಾರೂ ಇಲ್ಲಿ ಒಂದs," ಎಂದು ಇವನು ದೊಡ್ಡತನದಿಂದ ನಕ್ಕ. ಪಾಪ, ಹುಡುಗಿ ಅನುಭವಕ್ಕೆಂದು ಬಂದಿದ್ದಾಳೆ ಎಂದುಕೊಂಡ.

ಒಳಗೆ ನಡುವಿನ ಎತ್ತರದ ಕುರ್ಚಿಯಲ್ಲಿ ಧಣ್ಯಾರು. ಬಲಕ್ಕೆ ಅರುಣಕುಮಾರ. ಎಡಕ್ಕೆ ಪ್ರಿನ್ಸಿಪಾಲರು ಮತ್ತು ಹೊರಗಿನಿಂದ ಬಂದ ಇಬ್ಬರು. ಧಣ್ಯಾರು ಇವನನ್ನು ನೋಡಿ ಮಕ್ಕಳ ಹಾಗೆ ನಕ್ಕು ತಲೆಯಾಡಿಸಿದರು. ಇವನ ಎದೆ ಹಗುರಾಯಿತು.

ಅರುಣಕುಮಾರ ಇವನ ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ಮೂಲೆಯ ಬರಹವನ್ನು ಓದಿದ. ಅವಸರವೇ ಇಲ್ಲ ಅವನಿಗೆ.

"ಧಣ್ಯಾರ ಮಂದಿ ನೀವು. ನಮ್ಮಂಥವರ ಕಡೆ ಬರಬೇಕು ಅಂತ ಏನೂ ಇಲ್ಲ ಬಿಡ್ರಿ. ಒಂದ ಪ್ರಶ್ನಿ ಕೇಳ್ತೀನಿ. ನೀವು ಭಾಳ ಚೊಲೋ ಕಲಿಸ್ತೀರಿ ಅಂತ ಕೇಳೇನಿ. ರಾಜನ ಹೆಸರಿಲೆ ಸರಕಾರ ನಡಿಯೂ ದೇಶದಾಗ, ಖರೇ ಅಧಿಕಾರ ಯಾರ ಕೈಯಾಗ ಇರತೈತ್ರಿ?"

ಚಂದ್ರಕಾಂತ ಬಾಯಿ ತೆರೆದ. ಬೇರೆ ಯಾವ ಪ್ರಶ್ನೆಯಾಗಿದ್ದರೂ ತಡವರಿಸಬಹುದಿತ್ತೇನೋ. ಇದಕ್ಕೆ ನಾಲಿಗೆ ತಾನೇ ಹರಿಯಿತು. ಮಂತ್ರಿಮಂಡಲದ ಕೈಯಲ್ಲಿ, ಅದರಲ್ಲೂ ಪ್ರಧಾನಿಯ ಕೈಯಲ್ಲಿ ಎಂದ. ರಾಜ ಸಹಿ ಮಾಡುತ್ತಾನೆ, ತೀರ್ಮಾನ ಅವನದಲ್ಲ ಎಂದ. ರಾಜ ಕೇಳಬಹುದು, ಬುದ್ಧಿ ಹೇಳಬಹುದು ಎನ್ನುವಷ್ಟರಲ್ಲಿ ಅವನ ಕಣ್ಣು ನಡುವಿನ ಕುರ್ಚಿಯ ಮುದುಕನ ಮೇಲೆ ಬಿತ್ತು. ಧಣ್ಯಾರು ಎಲ್ಲದಕ್ಕೂ ಹೌದು ಹೌದೆಂದು ತಲೆಯಾಡಿಸುತ್ತಿದ್ದರು. ತಾನು ಎಲ್ಲಿಗೆ ಹೋಗಿ ಏನು ಬೇಡಿ ಬಂದೆನೆಂಬುದು ತನ್ನ ಬಾಯಿಂದಲೇ ತನಗೆ ಕೇಳಿಸಿತು. ಮುಂದಿನ ವಾಕ್ಯ ಬರಲಿಲ್ಲ.

"ಸಾಕು ಬಿಡ್ರಿ," ಎಂದ ಅರುಣಕುಮಾರ. "ನಿಮಗ ಎಲ್ಲಾ ಗೊತ್ತೈತಿ."

ಹುದ್ದೆ ಸೌಭಾಗ್ಯಳಿಗೆ ಆಯಿತು. ಅವಳ ಅಂಕ ಕಡಿಮೆಯೇನಲ್ಲ, ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದವಳು. ಯಾವ ಕೋರ್ಟಿಗೆ ಹೋದರೂ ಆ ಆಯ್ಕೆಯಲ್ಲಿ ಕೂದಲೆಳೆಯಷ್ಟೂ ತಪ್ಪು ಹುಡುಕಲಾಗುತ್ತಿರಲಿಲ್ಲ. ಅದೇ ಹೆಚ್ಚು ಉರಿಸುವ ಮಾತು. ಹದಿನೈದು ದಿನದ ನಂತರ ಕಾಲೇಜಿನ ಜವಾನ ಚಂದ್ರಕಾಂತನಿಗೆ ಒಂದು ಲಕೋಟೆ ತಂದುಕೊಟ್ಟ. ಹದಿನೆಂಟನೆಯ ಪತ್ರ. ಮಾನ್ಯ ಅಧ್ಯಕ್ಷರ ಅಪ್ಪಣೆಯ ಮೇರೆಗೆ, ಖಾಯಂ ಹುದ್ದೆ ಭರ್ತಿಯಾಗಿರುವುದರಿಂದ, ತಮ್ಮ ಸೇವೆಯ ಅಗತ್ಯವಿರುವುದಿಲ್ಲ. ಕೆಳಗೆ ಅದೇ ನಡುಗುವ ಸಹಿ.

ಸಿಟ್ಟು ನೆತ್ತಿಗೇರಿತು. ಈ ಸಲ ಕಂಬಳಿಯಿಲ್ಲ, ಲಕೋಟೆ ಹಿಡಿದುಕೊಂಡು ನೇರ ವಾಡೆಗೆ ಹೋದ. ಬೈದು ಬರಬೇಕೆಂದೇ ಹೋದ. ನಮ್ಮವರು ಎಂದು ಬರೆದ ಕೈಯಿಂದಲೇ ನಮ್ಮ ಹೊಟ್ಟೆಯ ಮೇಲೆ ಹೊಡೆದಿರಲ್ಲ ಎಂದು ಕೇಳಬೇಕು, ಆ ಮೇಲೆ ಏನಾದರೂ ಆಗಲಿ. ಗುರುಸಿದ್ದವ್ವ ಹೊರಗಿನ ಕಟ್ಟೆಯಲ್ಲೇ ಅವನನ್ನು ತಡೆದಳು. ಪತ್ರವನ್ನು ಅವನಿಂದ ಓದಿಸಿ ಕೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅವರಿಗೆ ಇದು ಗೊತ್ತs ಇಲ್ಲೋ ಯಪ್ಪಾ. ಅರುಣಕುಮಾರನ ಮಂದಿ ಬಂದು 'ನಿಮ್ಮ ಮಾತಿನಂಗ ಆಗೇತ್ರಿ ಧಣ್ಯಾರs' ಅಂತ ಹೇಳಿ ಹತ್ತು ಕಾಗದ ಕೂಡಿಸಿ ಸಹಿ ಹಾಕಿಸ್ಕೊಂಡ ಹೋಗ್ಯಾರ. ನೀ ಖಾಯಂ ಆದಿ ಅಂತ ತಿಳದಾರ ಇವರು. ಬಂದವರ ಮುಂದೆಲ್ಲಾ ಅದನs ಹೇಳಾಕತ್ತಾರ."

ಒಳಗಿನಿಂದ ಧಣ್ಯಾರ ದನಿ ಬಂತು. "ಯಾರ ಬೇ? ಶಂಕ್ರೆಪ್ಪನ ಮಗಾ ಏನು? ಒಳಗ ಕರಿ. ಪೇಢೆ ತಂದಿರಬೇಕು."

ಗುರುಸಿದ್ದವ್ವ ಇವನ ಮುಖವನ್ನೇ ನೋಡುತ್ತಿದ್ದಳು. ಇವನು ಬೈಯಲು ಬಂದಿದ್ದ. ಬೈಯಬೇಕಾದರೆ ತಪ್ಪು ಮಾಡಿದವನೊಬ್ಬ ಎದುರಿಗೆ ಬೇಕು. ಇಲ್ಲಿ ಸಹಿ ಮಾಡಿದವನಿಗೆ ತಾನು ಮಾಡಿದ್ದೇನೆಂದು ತಿಳಿದಿಲ್ಲ. ಅಲ್ಲಿ ಮಾಡಿದವನ ಸಹಿಯೇ ಕಾಗದದಲ್ಲಿಲ್ಲ. ಅವನು ಕಲಿಸಿದ ಇಂಗ್ಲೆಂಡಿನಲ್ಲಾದರೂ ಮಂತ್ರಿ ಎದ್ದು ನಿಂತು ಉತ್ತರ ಹೇಳುತ್ತಾನೆ. ಇಲ್ಲಿ ರಾಜನ ಮರೆಯಲ್ಲಿ ಮಂತ್ರಿ ಕೈ ತೊಳೆದುಕೊಂಡು ಕೂತಿದ್ದ. ಇದೊಂದನ್ನು ಯಾವ ಪುಸ್ತಕದಲ್ಲೂ ಅವನು ಓದಿರಲಿಲ್ಲ. ಲಕೋಟೆಯನ್ನು ಅಂಗಿಯೊಳಗೆ ತುರುಕಿಕೊಂಡು ತಿರುಗಿ ನಡೆದ.

ಮುಂದಿನ ವಾರ ಸೌಭಾಗ್ಯ ಅವನ ಮನೆಗೆ ಬಂದಳು, ಸಂಜೆ ಐದರ ಹೊತ್ತಿಗೆ. ರೇಣುಕಾ ಆಗತಾನೇ ಶೆಡ್ಡಿನಿಂದ ಬಂದಿದ್ದಳು. ಹುಡುಗಿ ಇಬ್ಬರ ಕಾಲಿಗೂ ನಮಸ್ಕಾರ ಮಾಡಿ, ಚಾಪೆಯ ತುದಿಯಲ್ಲಿ ಕೂತಳು. ಅವಳ ಕಣ್ಣು ಬಾತಿದ್ದವು. ನಾಟಕವಲ್ಲ, ಅವಳಿಗೆ ನಿಜವಾಗಿ ನೋವಾಗಿತ್ತು.

"ಸರ್, ನಿಮ್ಮನ್ನ ತಗದ್ರು ಅಂತ ಮೊನ್ನಿ ಗೊತ್ತಾತ್ರಿ. ನೀವು ಬ್ಯಾರೆ ಹುದ್ದೆದಾಗ ಇರ್ತೀರಿ ಅಂತ ತಿಳದಿದ್ದೆ. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ."

"ನಿನ್ನ ಮ್ಯಾಲೆ ಯಾಕ ಸಿಟ್ಟವ್ವಾ? ನೀ ಓದಿ ತಗೊಂಡಿ." ಕೇಳಬಾರದಿತ್ತು, ಆದರೆ ಕೇಳಿದ. "ನಿಮ್ಮಪ್ಪ ಯಾರ ಕಡೆ ಹೋಗಿದ್ರು?"

ಅವಳು ಕೆಳಗೆ ನೋಡಿದಳು. "ಸೆಕ್ರೆಟರಿ ಸಾಹೇಬ್ರ ಕಡೆ ಹೋಗಿದ್ರು ರೀ. ಮೂರು ನಾಲ್ಕು ಸಲ. ಮೊದಲ ಅಪ್ಪಾ ಧಣ್ಯಾರ ಹತ್ರನs ಹೋಗೂಣು ಅಂದಿದ್ರು. ಹಿರಿಯರು, ಅವರ ಸಹಿ ಇರತೈತಿ ಅಂದ್ರು. ನಾನs ಬ್ಯಾಡ ಅಂದೆ."

"ಯಾಕ?"

ಹುಡುಗಿ ತಲೆಯೆತ್ತಿದಳು. ಪ್ರಶ್ನೆಗೆ ಉತ್ತರ ಗೊತ್ತಿರುವ ವಿದ್ಯಾರ್ಥಿಯ ಹಾಗೆ, ಯಾವ ಕಪಟವೂ ಇಲ್ಲದೆ ಹೇಳಿದಳು. "ನೀವs ಕಲಿಸಿದ್ರಲ್ರಿ ಸರ್. ಕುರ್ಚಿ ನೋಡಬ್ಯಾಡ, ಕಾಗದ ಎಲ್ಲಿ ತಯಾರಾಕ್ಕೈತಿ ಅದನ್ನ ನೋಡು ಅಂತ."

ಹುಡುಗಿ ಸೋಮವಾರದಿಂದ ತರಗತಿ ಶುರು ಮಾಡಬೇಕಿತ್ತು. ಹೆದರಿಕೆಯಾಗುತ್ತದೆ ಎಂದಳು, ಸರ್ ಅವರ ನೋಟ್ಸು ಇದ್ದರೆ ಚೆನ್ನಾಗಿತ್ತು ಎಂದಳು. ಚಂದ್ರಕಾಂತ ಎದ್ದು, ಕಪಾಟಿನಿಂದ ನಾಲ್ಕು ದಪ್ಪ ವಹಿಗಳನ್ನು ತೆಗೆದು, ಧೂಳು ಒರೆಸಿ ಅವಳ ಮುಂದಿಟ್ಟ. ಅವಳು ಅವನ್ನು ಎದೆಗವಚಿಕೊಂಡು ಮತ್ತೊಮ್ಮೆ ನಮಸ್ಕಾರ ಮಾಡಿ ಹೋದಳು.

ರೇಣುಕಾ ಚಹಾದ ಕಪ್ಪುಗಳನ್ನು ಎತ್ತಲಿಲ್ಲ. ಗಂಡನನ್ನೇ ನೋಡುತ್ತಾ ಕೂತಿದ್ದಳು. ಇಷ್ಟು ವರ್ಷದಲ್ಲಿ ಒಂದು ದಿನ ಕಟುವಾಗಿ ಆಡಿದವಳಲ್ಲ. ಅಂದೂ ಮೆಲ್ಲಗೇ ಕೇಳಿದಳು.

"ಆ ಕೂಸಿಗೆ ತಿಳಿಯೂವಂಗ ಹೇಳಿದ್ರಿ. ನಿಮಗ್ಯಾಕ ತಿಳೀಲಿಲ್ಲ?"

ಅವನು ಎದ್ದು ಕಪಾಟಿನ ಬಾಗಿಲು ಹಾಕಿದ. ಅವಳು ಹೊರಗೆ ಹೋಗಿ ಅಂಗಳದ ಕಲ್ಲಿನ ಮೇಲೆ ಕೂತು, ಬೆರಳಿನ ಅಂಟು ಹೋಗುವವರೆಗೆ ಕೈ ತಿಕ್ಕಿದಳು. ಒಳಗೆ ಬಂದು, ಶೆಡ್ಡಿನಲ್ಲಿ ಗಂಡಸರಿಗೂ ಕೆಲಸವಿದೆ, ಪೆಟ್ಟಿಗೆ ಹೊರುವುದು, ನಾಳೆ ತನ್ನ ಜೊತೆಗೇ ಬರಬಹುದು ಎಂದಳು. ಚಂದ್ರಕಾಂತ ಎಷ್ಟು ಗಂಟೆಗೆ ಹೋಗಬೇಕು ಎಂದು ಕೇಳಿದ.